ಎಡಗಾಲಿನ ಜಾಗ

ಎಣ್ಣೆ ನೋಡುವ ಕಡ್ಡಿಯನ್ನು ಹೊರಗೆಳೆದು ಮೇಸ್ತ್ರಿಗಳು ಮೂಗಿನ ಹತ್ತಿರ ಹಿಡಿದರು. ಸೀದ ವಾಸನೆ. ಕಡ್ಡಿಯ ತುದಿಯನ್ನು ಬಿಳಿ ಬಟ್ಟೆಗೆ ಒರೆಸಿ ನೋಡಿದರು. ಕೆಂಪಗಿರಬೇಕಾದ ಗೇರ್‌ಬಾಕ್ಸಿನ ಎಣ್ಣೆ ಕಾಫಿ ಗಷ್ಟಿನಂತೆ ಕಪ್ಪಾಗಿತ್ತು. ನಡುನಡುವೆ ಲೋಹದ ಪುಡಿ ಮಿನುಗುತ್ತಿತ್ತು. ಅಳಿಯನಿಗೆ ಕಾಣದ ಹಾಗೆ ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

"ಎಣ್ಣೆ ಕಮ್ಮಿ ಆಗಿದೆ, ಅಷ್ಟೆ," ಎಂದರು.

ಅಳಿಯನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಔಷಧಿ ಅಂಗಡಿಯಲ್ಲಿ ಹಗಲೆಲ್ಲ ನಿಂತು ಚೀಟಿ ಓದಿ ಮಾತ್ರೆ ಎಣಿಸಿಕೊಡುವವನು ಅವನು. ಅಂಥವನು ಇವತ್ತು ಕಾರಿನ ಕೀಲಿಯನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕುತ್ತಲೇ ಇದ್ದ. ಗುಜರಿಯವನ ಲಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದ ಕೆನೆ ಬಣ್ಣದ ಹಳೆಯ ಕಾರು ಶೆಡ್ಡಿನ ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತಿತ್ತು. ಹಿಂದಿನ ಸೀಟಿನಿಂದ ಮೊಮ್ಮಗಳು ಇನ್ನೂ ಇಳಿದಿರಲಿಲ್ಲ. ಅವಳನ್ನು ಎಲ್ಲರೂ ಕರೆಯುವುದು ಚೂಟಿ ಎಂದೇ.

"ತಾತಾ, ರೈಲು ಎಷ್ಟು ಜೋರಾಗಿ ಕೂಗ್ತು ಗೊತ್ತಾ? ಅಪ್ಪ ನನ್ನ ಕಿಟಕಿಯಿಂದಾನೇ ಎಳೆದುಬಿಟ್ಟ. ಒಂದು ಚಪ್ಪಲಿ ಅಲ್ಲೇ ಬಿದ್ದುಹೋಯ್ತು."

"ಹೌದಾ ಕಂದ," ಎಂದರು ಮೇಸ್ತ್ರಿಗಳು. ಅವರ ಕಣ್ಣು ಮಗುವಿನ ಬರಿಗಾಲಿನ ಮೇಲೆ ನಿಂತಿತು.

ನಡೆದದ್ದನ್ನು ಅಳಿಯ ಆಗಲೇ ಒಂದು ಸಲ ಹೇಳಿದ್ದ. ರೈಲ್ವೆ ಗೇಟು ತೆರೆದೇ ಇತ್ತು. ಹಳಿಯ ಮೇಲೆ ಮುಂದಿನ ಚಕ್ರ ಹತ್ತುವ ಹೊತ್ತಿಗೆ ಗಾಡಿ ತಾನಾಗಿ ಒಂದನೇ ಗೇರಿನಿಂದ ಎರಡಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ಇಂಜಿನ್ ಮಾತ್ರ ಕಿರುಚಿತು, ಚಕ್ರ ತಿರುಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯತೊಡಗಿತು. ಅವನು ಮಗುವನ್ನು ಎಳೆದುಕೊಂಡು ದೂರ ನಿಲ್ಲಿಸಿ ಬರುವಷ್ಟರಲ್ಲಿ ಗೇಟಿನ ಕಾವಲುಗಾರನೂ ದಾರಿಹೋಕರೂ ಸೇರಿ ಕಾರನ್ನು ನೂಕಿದ್ದರು. ಅದು ಹಳಿ ದಾಟಿ ನಿಂತದ್ದಕ್ಕೂ ರೈಲು ಬಂದದ್ದಕ್ಕೂ ಹೆಚ್ಚು ಅಂತರವಿರಲಿಲ್ಲ.

"ಮಾವ, ಈ ಗೇರ್‌ಬಾಕ್ಸ್ ತೆಗೆದುಬಿಡೋಣ," ಎಂದ ಅಳಿಯ. "ಸಾದಾ ಗೇರು, ಕ್ಲಚ್ಚು ಹಾಕ್ಸೋಣ. ನೀವು ಹೂಂ ಅಂದ್ರೆ ಮಾತ್ರ."

"ಇನ್ನೊಂದ್ಸಲ ಬಿಚ್ಚಿ ನೋಡ್ತೀನಿ ಅಳಿಯಂದ್ರೇ. ಒಳಗೆ ಪಟ್ಟಿ ಸಡಿಲ ಆಗಿರುತ್ತೆ. ಬಿಗಿ ಮಾಡಿದ್ರೆ ಸರಿಹೋಗುತ್ತೆ."

"ಹೋದ ಸಲಾನೂ ಬಿಗಿ ಮಾಡಿದ್ರಿ."

"ಹೂಂ."

"ಅದಕ್ಕೂ ಮುಂಚೇನೂ."

ಮೇಸ್ತ್ರಿಗಳು ಬಾನೆಟ್ಟನ್ನು ಇಳಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರು. ಊರಿನ ಅರ್ಧ ಗಾಡಿಗಳ ಗೇರ್‌ಬಾಕ್ಸ್ ಬಿಚ್ಚಿದ ಕೈ ಅದು. ಬೇರೆ ಯಾರದಾದರೂ ಗಾಡಿಯಾಗಿದ್ದರೆ ಆ ಬಟ್ಟೆಯ ಮೇಲಿನ ಕಲೆಯನ್ನು ಅವರ ಮುಖಕ್ಕೇ ಹಿಡಿದು, ಇದರ ಕಥೆ ಮುಗೀತು ಸ್ವಾಮಿ, ಮನೆಗೆ ಹೋಗಿ, ಎಂದು ಹೇಳಿಬಿಡುತ್ತಿದ್ದರು.

"ಗಾಡಿ ಮಾರೋ ಮಾತು ನಾನು ಎತ್ತಿಲ್ಲ ಮಾವ," ಅಳಿಯನ ದನಿ ಇಳಿಯಿತು. "ಎತ್ತೋದೂ ಇಲ್ಲ. ಅದನ್ನ ಓಡಿಸ್ಬೇಕು ಅಂತಾನೇ ಕೇಳ್ತಿರೋದು."

ಆಗ ಹಿತ್ತಲ ಬಾಗಿಲು ಸದ್ದಾಯಿತು. ಮೇಸ್ತ್ರಿಗಳ ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಮನೆಗೂ ಶೆಡ್ಡಿಗೂ ನಡುವೆ ಬಟ್ಟೆ ಒಗೆಯುವ ಕಲ್ಲಿನಷ್ಟೇ ದೂರ. ಆದರೆ ಮಗಳು ತೀರಿಹೋದಮೇಲೆ ಅವರು ಆ ಕಲ್ಲನ್ನು ದಾಟಿ ಈಚೆಗೆ ಬಂದವರಲ್ಲ. ಊಟಕ್ಕೆ ಕರೆಯಬೇಕಾದರೂ ಅಲ್ಲಿಂದಲೇ ತಟ್ಟೆ ಬಡಿಯುತ್ತಿದ್ದರು. ಇವತ್ತು ನೇರವಾಗಿ ಕಾರಿನ ಬಳಿ ಬಂದು, ಬಾಗಿಲು ತೆಗೆದು, ಮಗುವನ್ನು ಇಳಿಸಿ ಸೊಂಟಕ್ಕೆ ಏರಿಸಿಕೊಂಡರು. ಅಷ್ಟು ದೊಡ್ಡ ಮಗುವನ್ನು ಎತ್ತಿಕೊಳ್ಳುವ ಶಕ್ತಿ ಅವರಿಗಿರಲಿಲ್ಲ, ಆದರೂ ಎತ್ತಿಕೊಂಡರು.

"ರೀ," ಎಂದರು. "ನೀವು ಮಗಳನ್ನ ಆ ಡಬ್ಬದೊಳಗೆ ಇಟ್ಕೊಂಡಿದೀರಿ. ಇಟ್ಕೊಳ್ಳಿ, ನಾನು ಬೇಡ ಅನ್ನಲ್ಲ. ಈ ಮಗೂನ ಮಾತ್ರ ಅದರಲ್ಲಿ ಕೂರಿಸ್ಬೇಡಿ."

ಹೇಳಿ ಒಳಗೆ ಹೋದರು. ಶೆಡ್ಡಿನಲ್ಲಿ ನಿಂತ ಇಬ್ಬರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಗಳಿಗೆ ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ಕಾಲು ಸಣಕಲಾಗಿ ಉಳಿಯಿತು. ಎತ್ತರದ ಹಿಮ್ಮಡಿಯ ಬೂಟು ಹಾಕಿ ನಡೆಯುತ್ತಿದ್ದಳು. ಅಪ್ಪನ ಶೆಡ್ಡಿನಲ್ಲಿ ಗಾಡಿಗಳ ನಡುವೆಯೇ ಬೆಳೆದ ಹುಡುಗಿ, ಯಾವ ಗಾಡಿಯನ್ನೂ ಓಡಿಸುವ ಹಾಗಿರಲಿಲ್ಲ, ಕ್ಲಚ್ ಒತ್ತಲು ಕಾಲಿಲ್ಲವಲ್ಲ. ಹೀಗಿರುವಾಗ ತೀರಿಹೋದ ಒಬ್ಬ ಡಾಕ್ಟರ ಮನೆಯ ಹಿಂದೆ, ಟಾರ್ಪಾಲಿನ ಕೆಳಗೆ, ತಾನಾಗಿ ಗೇರು ಬದಲಿಸಿಕೊಳ್ಳುವ ಈ ಕಾರು ಮೇಸ್ತ್ರಿಗಳ ಕಣ್ಣಿಗೆ ಬಿತ್ತು. ಕ್ಲಚ್ಚೇ ಇಲ್ಲದ ಗಾಡಿ. ಬಲಗಾಲೊಂದಿದ್ದರೆ ಸಾಕು. ದೇವರು ತಮ್ಮ ಮಗಳಿಗೆಂದೇ ಇದನ್ನು ಎಲ್ಲೋ ಮಾಡಿಸಿ, ಇಷ್ಟು ವರ್ಷ ಬಚ್ಚಿಟ್ಟು, ತಮ್ಮ ಕೈಗೆ ಕೊಟ್ಟ ಎಂದು ಅವರು ಆ ದಿನ ನಂಬಿದರು. ಆ ನಂಬಿಕೆ ಅವರನ್ನು ಬಿಟ್ಟು ಹೋಗಲೇ ಇಲ್ಲ.

ಎಡಗಾಲು ಸುಮ್ಮನೆ ಬಿಟ್ಟರೆ ತಿರುವಿನಲ್ಲಿ ಜಾರಿ ಬ್ರೇಕಿನ ಕೆಳಗೆ ಹೋಗುತ್ತಿತ್ತು. ಅದಕ್ಕೆಂದು ಅವರು ಒಂದು ಹಲಗೆ ಕೊಯ್ದು, ಸ್ಪಂಜಿಟ್ಟು, ಹಳೆಯ ಸೂಟ್‌ಕೇಸಿನ ತೊಗಲು ಹೊದಿಸಿ, ಕಾಲಿಡಲು ಒಂದು ಒರಗು ಮಾಡಿ, ಕಾರಿನ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದರು. ಊರ ಹೊರಗಿನ ಬಯಲಿನಲ್ಲಿ ಮಗಳು ಓಡಿಸಲು ಕಲಿತಳು. ಮೊದಲ ಸಲ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಪೇಟೆಗೆ ಹೊರಟಾಗ ಅಮ್ಮ ದಾರಿಯುದ್ದಕ್ಕೂ ದೇವರನ್ನು ಕೂಗುತ್ತಿದ್ದರು. "ಹಾಗೆ ಕೂಗ್ಬೇಡಮ್ಮಾ," ಎಂದಿದ್ದಳು ಮಗಳು, "ಪಾಪ ಅವನು ನಿಜವಾಗ್ಲೂ ಬಂದುಬಿಟ್ರೆ ಕೂರೋಕೆ ಜಾಗ ಎಲ್ಲಿದೆ?"

ಗೇರ್‌ಬಾಕ್ಸ್ ಆಗಲೂ ಅಷ್ಟೇನೂ ನೆಟ್ಟಗಿರಲಿಲ್ಲ. ಒಂದರಿಂದ ಎರಡಕ್ಕೆ ಹೋಗುವಾಗ ಅನುಮಾನಿಸುತ್ತಿತ್ತು. ಮಗಳು ಕಾರನ್ನು 'ಅಮ್ಮಾವ್ರು' ಎನ್ನುತ್ತಿದ್ದಳು. "ಅಮ್ಮಾವ್ರಿಗೆ ಮನಸ್ಸು ಬರ್ಬೇಕು," ಎಂದು ಕಾಲನ್ನು ತುಸು ಸಡಿಲಿಸಿ ಕಾಯುವಳು. ಗೇರು ಬಿದ್ದ ಕೂಡಲೇ ಪಕ್ಕದಲ್ಲಿ ಕೂತ ಅಪ್ಪನತ್ತ ತಿರುಗಿ ಹುಬ್ಬು ಹಾರಿಸುವಳು. ಕೆಲಸಕ್ಕೆ ಹೋದಳು, ಮದುವೆಯಾದಳು, ಹೆತ್ತಳು, ಎಲ್ಲದಕ್ಕೂ ಆ ಕಾರಿನಲ್ಲೇ ಓಡಾಡಿದಳು. ಕೊನೆಗೆ ರಕ್ತದ ಕಾಯಿಲೆ ಎಂದು ತಿಳಿದು ಆಸ್ಪತ್ರೆಗೆ ಸೇರಬೇಕಾದ ದಿನವೂ, "ನಾನೇ ಓಡಿಸ್ತೀನಿ," ಎಂದು ತಾನೇ ಓಡಿಸಿಕೊಂಡು ಹೋದಳು. ಆಸ್ಪತ್ರೆಯ ಏರಿನಲ್ಲಿ ಗೇರು ಎಂದಿಗಿಂತ ಹೆಚ್ಚು ಹೊತ್ತು ಜಾರಿತು. ಅವಳು ಕಾದಳು. ಗೇರು ಬಿತ್ತು. ಆದರೆ ಅಂದು ಅಪ್ಪನತ್ತ ತಿರುಗಲಿಲ್ಲ. ಮೇಸ್ತ್ರಿಗಳು ಪ್ರತಿದಿನ ದೇವರನ್ನು ಬೇಡಿಕೊಂಡರು. ಬೇಡಿಕೊಂಡದ್ದು ನಡೆಯಲಿಲ್ಲ. ಈಗಲೂ ದಿನಾ ಬೆಳಗ್ಗೆ ದೇವರ ಮುಂದೆ ನಿಲ್ಲುತ್ತಾರೆ, ಆದರೆ ಏನನ್ನೂ ಕೇಳುವುದಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಮೇಸ್ತ್ರಿಗಳು ಅಳಿಯನಿಗೆ ಹೂಂ ಎಂದರು. ಒಂದು ವಾರ ಬಿಟ್ಟು ಗುಜರಿಯವನು ಲಾರಿಯಲ್ಲಿ ಸಾದಾ ಗೇರ್‌ಬಾಕ್ಸ್ ಹಾಕಿಕೊಂಡು ಬಂದ. ಅವನು ಮೇಸ್ತ್ರಿಗಳ ಓರಗೆಯವನು. ಅವರನ್ನು ಏಕವಚನದಲ್ಲಿ ಮಾತಾಡಿಸುವವನು ಊರಲ್ಲಿ ಅವನೊಬ್ಬನೇ.

"ತಗೋ, ನಿನ್ನ ಸೊಸೆ ಬಂದ್ಲು. ಇಳಿಸಿಕೋ," ಎಂದ. "ನಾಲ್ಕು ಊರು ತಿರುಗಿ ಹುಡುಕಿದೀನಿ. ಹಲ್ಲೆಲ್ಲಾ ಗಟ್ಟಿ ಇದೆ, ನಿನ್ನ ಹಲ್ಲಿನ ಹಾಗಲ್ಲ."

"ತಾನಾಗಿ ಬದಲಾಗೋದು ಎಲ್ಲೂ ಸಿಗಲಿಲ್ವಾ?"

"ಇದನ್ನ ಎಷ್ಟು ಸಲ ಕೇಳ್ತೀಯೋ? ಸಿಕ್ಕಿದ್ದು ಎರಡು. ಎರಡೂ ಇದಕ್ಕಿಂತ ಮುಂಚೆ ಸತ್ತಿವೆ." ಹೇಳಿದ ಮೇಲೆ ಅವನಿಗೆ ಆ ಮಾತು ಬಾಯಿಂದ ಬರಬಾರದಿತ್ತು ಅನ್ನಿಸಿರಬೇಕು. ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಿಡಿ, ಹಿಡಿ. ಸೊಂಟ ಮುರ್ಕೊಬೇಡ," ಎಂದ.

ಮೇಸ್ತ್ರಿಗಳು ಯಾವ ಕೆಲಸ ಶುರುಮಾಡುವಾಗಲೂ ಸ್ಪ್ಯಾನರಿಗೆ ಕೈ ಹಾಕುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಅಂದೂ ಮುಚ್ಚಿದರು. ಆದರೆ ಒಳಗೆ ಯಾವ ಮಾತೂ ಬರಲಿಲ್ಲ. ಕಣ್ಣು ತೆರೆದು ಕಾರಿನ ಕೆಳಗೆ ಸರಿದರು.

ಹಳೆಯದನ್ನು ಇಳಿಸುವುದು ಕಷ್ಟವಾಗಲಿಲ್ಲ. ಎಷ್ಟೋ ಸಲ ಬಿಚ್ಚಿ ಹಾಕಿದ್ದರಿಂದ ಬೋಲ್ಟುಗಳು ಕೈಗೆ ಪಳಗಿದ್ದವು. ಗುಜರಿಯವನು ಕೆಳಗೆ ಜಾಕ್ ಹಿಡಿದ. ಭಾರವಾದ ಪೆಟ್ಟಿಗೆ ಮಣಭಾರದ ನಿಟ್ಟುಸಿರಿನಂತೆ ಸದ್ದು ಮಾಡಿ ಇಂಜಿನ್ನಿನಿಂದ ಬಿಟ್ಟುಕೊಂಡು ಕೆಳಗಿಳಿಯಿತು. ಅದನ್ನು ಶೆಡ್ಡಿನ ಮೂಲೆಗೆ ಎಳೆದು ಗೋಣಿಚೀಲ ಹೊದಿಸಿದರು. ಕಷ್ಟವಾದದ್ದು ಆಮೇಲೆ. ಬ್ರೇಕಿನ ಅಗಲವಾದ ಪೆಡಲ್ ತೆಗೆದು ಸಣ್ಣದನ್ನು ಹಾಕಬೇಕು. ಅದರ ಎಡಕ್ಕೆ ಕ್ಲಚ್ ಪೆಡಲ್ ಇಳಿಯಬೇಕು. ಮೇಸ್ತ್ರಿಗಳು ಪೆಡಲನ್ನು ಅದರ ಜಾಗಕ್ಕೆ ಹಿಡಿದು, ಕೆಳಗಿನ ತನಕ ಒತ್ತಿ ಅಳತೆ ನೋಡಿದರು. ಅದು ಹೋಗಿ ತಾಕಿದ್ದು ತೊಗಲಿನ ಒರಗಿನ ನಡುಮಧ್ಯಕ್ಕೆ, ಬೂಟಿನ ಹಿಮ್ಮಡಿ ಒತ್ತಿ ಒತ್ತಿ ಗುಳಿ ಬಿದ್ದಿದ್ದ ಕಡೆಗೇ.

"ಒಂದಿಷ್ಟು ಪಕ್ಕಕ್ಕೆ ಸರಿಸಿದ್ರೆ?" ಎಂದರು.

"ಎಲ್ಲಿಗೆ ಸರಿಸ್ತೀಯ? ಬಾಗಿಲಿನಿಂದ ಆಚೆಗಾ?" ಗುಜರಿಯವನು ಮೆಲ್ಲಗೆ ಕೇಳಿದ. "ಬೇಕಾದ್ರೆ ನಾನು ಬಿಚ್ಚಲಾ?"

"ಬೇಡ."

ನಾಲ್ಕು ಬೋಲ್ಟು. ತುಕ್ಕು ಹಿಡಿದಿದ್ದವು. ಒಂದೊಂದಕ್ಕೂ ಎಣ್ಣೆ ಬಿಟ್ಟು, ಕಾದು, ತಿರುಗಿಸಿದರು. ಕೊನೆಯದು ಬಿಟ್ಟುಕೊಂಡಾಗ ಅವರು ಕಾರಿನ ನೆಲದ ಮೇಲೆ ತಲೆಯಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಗುಜರಿಯವನು ಬೀಡಿ ಹಚ್ಚಿಕೊಂಡು ರಸ್ತೆಯ ಕಡೆ ಮುಖ ಮಾಡಿ ನಿಂತ. ಕಾರು ಸರಿಹೋಗುವ ತನಕ ಅಜ್ಜಿಯ ಹತ್ತಿರವೇ ಉಳಿದಿದ್ದ ಚೂಟಿ ಮಧ್ಯಾಹ್ನ ಶಾಲೆಯಿಂದ ಬಂದವಳು ಬಾಗಿಲ ಬಳಿ ಬಿದ್ದಿದ್ದ ಒರಗನ್ನು ನೋಡಿ, ಎಳೆದುಕೊಂಡು ಹೋಗಿ, ಅದರ ಮೇಲೆ ಕೂತು ಚಿತ್ರ ಬರೆಯತೊಡಗಿದಳು. "ತಾತಾ, ಇದು ನನಗೆ ಮಣೆ," ಎಂದಳು. "ನಿನಗೇ ಕಂದ," ಎಂದರು ಮೇಸ್ತ್ರಿಗಳು.

ಕೆಲಸ ಮುಂದೆ ಸಾಗಿತು. ಅಳಿಯ ಅಂಗಡಿ ಮುಚ್ಚಿ ಬಂದು ದೀಪ ಹಿಡಿಯುತ್ತಿದ್ದ. ಚಕ್ರಕ್ಕೆ ಹೋಗುವ ಉದ್ದನೆಯ ದಂಡವನ್ನು ಅಳತೆಗೆ ಸರಿಯಾಗಿ ಕಡಿಸಿ ತಂದರು. ಕ್ಲಚ್ಚಿನ ತಟ್ಟೆ ಕೂರಿಸಿದರು. ಇಬ್ಬರು ಕೆಳಗಿನಿಂದ ಎತ್ತಿ, ಒಬ್ಬ ಪಕ್ಕದಿಂದ ನೂಕಿ, ಬೈದುಕೊಂಡು, ಬೆವತು, ಹೊಸ ಗೇರ್‌ಬಾಕ್ಸನ್ನು ಇಂಜಿನ್ನಿಗೆ ಸೇರಿಸಿದರು. ಬೋಲ್ಟುಗಳೆಲ್ಲ ಬಿಗಿಯಾದವು. ಗುಜರಿಯವನು ಕೈ ತೊಳೆದು, "ಇನ್ನು ನಾಳೆ ಓಡಿಸೋದೊಂದೇ," ಎಂದು ಹೇಳಿ ಹೊರಡುವುದರಲ್ಲಿದ್ದ. ಆಗ ಮೇಸ್ತ್ರಿಗಳ ಹೆಂಡತಿ ಹಿತ್ತಲ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಒಂದು ಸಣ್ಣ ಬಟ್ಟಲು.

"ಕಿಟಕಿ ಮೇಲೆ ಇತ್ತು. ತೊಳೆಯೋಣ ಅಂತ ತಗೊಂಡೆ. ಇದೇನ್ರೀ, ಎಣ್ಣೆಯೊಳಗೆ ಉಂಗುರ?"

ಮೇಸ್ತ್ರಿಗಳು ಬಟ್ಟಲಿಗೆ ಇಣುಕಿದರು. ಬೆರಳಿನಿಂದ ಉಂಗುರವನ್ನು ಒಂದು ಸಲ ಎತ್ತಿ, ಮತ್ತೆ ಎಣ್ಣೆಗೆ ಬಿಟ್ಟರು.

ಅದು ಹಿತ್ತಾಳೆಯ ಬುಷ್. ಇಂಜಿನ್ನಿನ ದಂಡದ ತುದಿಯಲ್ಲಿ ಕೂರುವ ಬೆರಳುದ್ದವೂ ಇಲ್ಲದ ಬಳೆ. ಗೇರ್‌ಬಾಕ್ಸಿನ ಮೂತಿ ಅದರೊಳಗೆ ಹೊಕ್ಕು ನಿಲ್ಲಬೇಕು. ತಾನಾಗಿ ಗೇರು ಬದಲಿಸುವ ಗಾಡಿಯಲ್ಲಿ ಅದು ಇರುವುದಿಲ್ಲ, ಸಾದಾ ಗೇರು ಹಾಕುವವನು ಮೊದಲು ಕೂರಿಸಬೇಕಾದ್ದೇ ಅದು. ಎಣ್ಣೆ ಕುಡಿಯಲಿ ಎಂದು ಮೇಸ್ತ್ರಿಗಳೇ ನೆನೆಹಾಕಿದ್ದರು. ಕೂರಿಸಲು ಮರೆತಿದ್ದರು.

"ಯಾರ್ಯಾರೋ ಮರೆತಾಗ ನೀನು ಅವರನ್ನ ಬೀದಿಗೆ ಕೇಳಿಸೋ ಹಾಗೆ ಬೈದಿದೀಯ," ಎಂದ ಗುಜರಿಯವನು. ನಗಲಿಲ್ಲ. "ಹೋಗ್ಲಿ ಬಿಡು. ಅದಿಲ್ದೇನೂ ಗಾಡಿ ಓಡುತ್ತೆ. ಒಂದೆರಡು ತಿಂಗಳು ಯಾರಿಗೂ ಗೊತ್ತೂ ಆಗಲ್ಲ. ಗಡಗಡ ಅಂದಾಗ ನೋಡ್ಕೊಳ್ಳೋಣ."

"ನಾನು ಬೇಕೂಂತ ಬಿಟ್ಟಿದ್ದಲ್ಲ," ಎಂದರು ಮೇಸ್ತ್ರಿಗಳು. ಅವರು ಹೇಳಿದ್ದು ಗುಜರಿಯವನಿಗಲ್ಲ. ಕಣ್ಣು ಹೆಂಡತಿಯ ಮುಖದ ಮೇಲಿತ್ತು.

"ನಾನು ಹಾಗಂದ್ನಾ?"

"ನನಗೇ ಗೊತ್ತಾಗ್ತಿಲ್ಲ. ಕೈ ಯಾಕೆ ಮರೀತು ಅಂತ."

ಹೆಂಡತಿ ಬಟ್ಟಲನ್ನು ಅವರ ಕೈಗೆ ಕೊಟ್ಟರು. "ಮತ್ತೆ ಎಲ್ಲಾ ಬಿಚ್ಚಬೇಕಾ?"

"ಎಲ್ಲಾ."

"ಬಿಚ್ಚಿ," ಎಂದರು. ಆಮೇಲೆ, ದನಿಯನ್ನು ತಗ್ಗಿಸಿ, "ಊಟ ಮಾಡಿ ಬಿಚ್ಚಿ."

ಎರಡನೆಯ ಸಲ ಜೋಡಿಸುವಾಗ ಅವರು ತಪ್ಪಲಿಲ್ಲ. ಬುಷ್ಷನ್ನು ಮರದ ತುಂಡಿಟ್ಟು ಮೆಲ್ಲಗೆ ಬಡಿದು ಕೂರಿಸಿದರು, ಬೆರಳು ಹಾಕಿ ತಿರುಗಿಸಿ ನೋಡಿದರು. ಪೆಟ್ಟಿಗೆ ಒಂದೇ ನೂಕಿಗೆ ಒಳಗೆ ಹೋಯಿತು. ಅವರೇ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದರು. ಮೇಸ್ತ್ರಿಗಳದೂ ಮಗಳದೂ ಒಂದೇ ಎತ್ತರ. ಅವರಿಗೆ ಏನೂ ಅಡ್ಡಿಯಾಗಲಿಲ್ಲ.

ಅಡ್ಡಿಯಾದದ್ದು ಅಳಿಯನಿಗೆ. ಭಾನುವಾರ ಬೆಳಗ್ಗೆ ಮಗುವನ್ನು ಕರೆದುಕೊಂಡು ಹೋಗಲು ಬಂದವನು ಚಾಲಕನ ಸೀಟಿನಲ್ಲಿ ಕೂತ. ಎಡಗಾಲನ್ನು ಕ್ಲಚ್ಚಿನ ಮೇಲಿಡಲು ಎತ್ತಿದ. ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. ಪಕ್ಕಕ್ಕೆ ಹೊರಳಿಸಿ ಮತ್ತೆ ಎತ್ತಿದ. ಮತ್ತೆ ಬಡಿಯಿತು. ಅವನು ಎತ್ತರದ ಆಳು. ಸೀಟು ಆ ಆಸ್ಪತ್ರೆಯ ದಿನ ಎಲ್ಲಿತ್ತೋ ಅಲ್ಲೇ ಇತ್ತು. ಅಂದಿನಿಂದ ದಿನವೂ ಅವನು ಹಾಗೆಯೇ, ಮೊಣಕಾಲು ಮಡಚಿ ಮುದುಡಿಕೊಂಡು ಓಡಿಸಿದ್ದ. ಯಾರಿಗೂ ಹೇಳಿರಲಿಲ್ಲ. ಮೇಸ್ತ್ರಿಗಳೂ ಅದನ್ನು ಗಮನಿಸಿರಲಿಲ್ಲ. ತಮ್ಮ ದುಃಖವೊಂದೇ ಅವರಿಗೆ ಕಂಡಿತ್ತು.

"ಸೀಟು ಹಿಂದಕ್ಕೆ ಹಾಕೊಳ್ಳಿ ಅಳಿಯಂದ್ರೇ."

"ಇರ್ಲಿ ಮಾವ. ಹೀಗೇ ಆಗುತ್ತೆ."

"ಆಗಲ್ಲ. ಕ್ಲಚ್ ಪೂರ್ತಿ ಒತ್ತದಿದ್ರೆ ಗೇರು ಕಿರುಚುತ್ತೆ."

ಅಳಿಯ ಸ್ಟಿಯರಿಂಗನ್ನು ಎರಡೂ ಕೈಯಿಂದ ಹಿಡಿದು ಮುಂದೆ ನೋಡುತ್ತ ಕೂತ. ಮೇಸ್ತ್ರಿಗಳು ಬಾಗಿಲ ಬಳಿ ಮಂಡಿಯೂರಿದರು. ಸೀಟಿನ ಕೆಳಗಿನ ಹಿಡಿ ತುಕ್ಕು ತಿಂದು ಬಿಗಿದುಕೊಂಡಿತ್ತು. ಎಣ್ಣೆ ಬಿಟ್ಟು, ಅಂಗೈಯಿಂದ ಎರಡೇಟು ಹಾಕಿ ಎಳೆದು ಹಿಡಿದರು. "ಹೂಂ, ಈಗ ಬೆನ್ನು ಕೊಟ್ಟು ನೂಕಿ ಮಗಾ," ಎಂದರು. ಅಳಿಯನನ್ನು ಅವರು ಹಾಗೆ ಕರೆದದ್ದು ಅದೇ ಮೊದಲು. ಸೀಟು ಕಿರ್ರೆಂದು ಹಿಂದಕ್ಕೆ ಜರುಗಿ, ಕಟಕ್ಕನೆ ನಿಂತಿತು.

ಕಾರು ಹೊರಟಿತು. ಮೇಸ್ತ್ರಿಗಳು ಶೆಡ್ಡಿನ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಬೀದಿಯ ನಡುವಿನಲ್ಲಿ ಒಂದು ಹೋಗಿ ಎರಡು ಬಿತ್ತು. ಅನುಮಾನಿಸಲಿಲ್ಲ, ಕಾಯಿಸಲಿಲ್ಲ. ತಿರುವಿನಾಚೆ ಮೂರು ಬಿದ್ದದ್ದೂ ಕೇಳಿಸಿತು. ಎಲ್ಲರ ಗಾಡಿಯಂತೆ ಹೋಯಿತು. ಆಮೇಲೆ ಯಾವುದು ಆ ಗಾಡಿಯ ಸದ್ದು, ಯಾವುದು ರಸ್ತೆಯ ಬೇರೆ ಗಾಡಿಗಳದು ಎಂದು ತಿಳಿಯಲಿಲ್ಲ.

ಮಧ್ಯಾಹ್ನ ಗುಜರಿಯವನು ಬಂದು ಮೂಲೆಯ ಗೋಣಿಚೀಲವನ್ನು ಕಾಲಿನಿಂದ ಸರಿಸಿ, "ಇದನ್ನ ಒಯ್ಯಲಾ?" ಎಂದು ಕೇಳಿದ. "ಸಂಜೆ ಬಾ," ಎಂದರು ಮೇಸ್ತ್ರಿಗಳು. ಅವನು ಹೋದಮೇಲೆ ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಸ್ಪ್ಯಾನರುಗಳನ್ನು ಹತ್ತಿರಕ್ಕೆಳೆದುಕೊಂಡು ಪೆಟ್ಟಿಗೆಯನ್ನು ಬಿಚ್ಚತೊಡಗಿದರು. ಈ ಸಲ ತಳಕ್ಕೆ ಹೋಗುವ ತನಕ. ಸುಟ್ಟು ಬೋಳಾದ ತಟ್ಟೆಗಳು, ಸವೆದ ಪಟ್ಟಿ, ಹಲ್ಲಿನ ಚಕ್ರಗಳು, ಸ್ಪ್ರಿಂಗುಗಳು ಹೊರಬಂದವು. ಒಂದೊಂದನ್ನೂ ಸೀಮೆಎಣ್ಣೆಯ ತಟ್ಟೆಗೆ ಹಾಕಿ, ತೊಳೆದು, ಒಳಗೆ ಯಾವ ಕ್ರಮದಲ್ಲಿ ಇದ್ದವೋ ಅದೇ ಕ್ರಮದಲ್ಲಿ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು.

ಹಿಂದೆ ನೆರಳು ಬಿತ್ತು. ಹೆಂಡತಿ ಕಾಫಿ ಲೋಟವನ್ನು ಕೆಲಸದ ಮೇಜಿನ ಮೇಲಿಟ್ಟು, ಖಾಲಿ ಎಣ್ಣೆ ಡಬ್ಬವನ್ನು ಬೋರಲು ಹಾಕಿ ಕೂತರು.

"ಇದರಲ್ಲಿ ಕೆಟ್ಟಿದ್ದು ಯಾವುದು?"

"ಎಲ್ಲವೂ."

ಹೆಂಡತಿ ಬಗ್ಗಿ ಆ ಸಾಲಿನ ತುದಿಯ ತನಕ ಕಣ್ಣು ಹಾಯಿಸಿದರು. "ಮುಂಚೇನೇ ಹೀಗೆ ಪೂರ್ತಿ ಬಿಚ್ಚಿ ನೋಡಿದ್ರೆ ಉಳೀತಿತ್ತಾ?"

ಮೇಸ್ತ್ರಿಗಳು ಕೈಯಲ್ಲಿದ್ದ ತಟ್ಟೆಯನ್ನು ಬೆಳಕಿಗೆ ತಿರುಗಿಸಿದರು. ಅದರ ಮೇಲೆ ಹಿಡಿತ ಕೊಡುವ ಪದರ ಎಲ್ಲೂ ಉಳಿದಿರಲಿಲ್ಲ.

"ಇಲ್ಲ ಕಣೇ," ಎಂದರು. "ಆಗ್ತಿರಲಿಲ್ಲ. ಯಾವಾಗ ಬಿಚ್ಚಿದ್ರೂ ಆಗ್ತಿರಲಿಲ್ಲ."

ಹೆಂಡತಿ ಕೈಚಾಚಿ ಬಟ್ಟೆಯೊಂದನ್ನು ತೆಗೆದುಕೊಂಡು, ಸೀಮೆಎಣ್ಣೆಯಿಂದ ಒಂದು ಸಣ್ಣ ಹಲ್ಲಿನ ಚಕ್ರವನ್ನು ಎತ್ತಿ, ಹಲ್ಲು ಹಲ್ಲಿನ ಸಂದಿಗೂ ಬಟ್ಟೆಯ ತುದಿ ಹೊಸೆದು ಹಾಕಿ ಒರೆಸತೊಡಗಿದರು. ಒರೆಸಿ, ತಿರುಗಿಸಿ ನೋಡಿ, ಮತ್ತೆ ಒರೆಸಿ, ಗಂಡನ ಕಡೆ ಹಿಡಿದರು. ಮೇಸ್ತ್ರಿಗಳು ಸಾಲಿನಲ್ಲಿ ಖಾಲಿ ಬಿಟ್ಟಿದ್ದ ಒಂದು ಜಾಗವನ್ನು ಬೆರಳಿನಿಂದ ತೋರಿಸಿದರು. ಹೆಂಡತಿ ಅದನ್ನು ಅಲ್ಲಿಟ್ಟು ಮುಂದಿನದಕ್ಕೆ ಕೈ ಚಾಚಿದರು.